ಆರುನೂರ ಹನ್ನೆರಡು

ದೇವರಾಜು ನಗುತ್ತಾ ಬಂದದ್ದೇ ಹೇಮಶ್ರೀಗೆ ವಿಚಿತ್ರ ಎನಿಸಿತು. ಪಾಂಡವಪುರದ ಆ ಸಣ್ಣ ಲ್ಯಾಬಿಗೆ ನಗುತ್ತಾ ಬರುವವರು ಕಡಿಮೆ. ಅದರಲ್ಲೂ ಈತ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡು ಎಂಟು ತಿಂಗಳಾದವನು. ರಕ್ತ ಕೊಡಲು ಬಂದಾಗಲೆಲ್ಲ ತೋಳು ಚಾಚಿ ಗೋಡೆ ನೋಡುತ್ತಾ ಕೂರುವ ಮನುಷ್ಯ.

ಗೋಡೆ ನೋಡುವ ನೆಪದಲ್ಲಿ ಅವಳನ್ನೂ ನೋಡುತ್ತಿದ್ದ. ಅವಳಿಗದು ಗೊತ್ತಿತ್ತು. ಸೂಜಿ ತೆಗೆದ ಮೇಲೆ ಹತ್ತಿಯನ್ನು ಅವಳು ಒಂದು ಗಳಿಗೆ ಹೆಚ್ಚೇ ಒತ್ತಿ ಹಿಡಿಯುತ್ತಿದ್ದಳು. ಅವನಿಗದು ಗೊತ್ತಿತ್ತೋ ಇಲ್ಲವೋ.

“ನೀವು ಊಟಕ್ಕೋಗಿದ್ರಿ, ನಿಮ್ ಜತೆ ಕೆಲ್ಸ ಮಾಡೋ ಶ್ವೇತಾನೇ ರಿಪೋರ್ಟು ಕೊಟ್ಬುಟ್ರು,” ಎಂದ. “ಪಾಸಾದೆ ಕಣ್ರೀ ಹೇಮ! ಓದ್ಸಲ ಮೂವತ್ತೊಂದು. ಈಗ ನೋಡಿ, ಆರ್ನೂರ ಹನ್ನೆರಡು! ದಪ್ಪಕ್ಷರದಲ್ಲಿ ಬೇರೆ ಆಕವ್ರೆ.”

ಹೇಮಶ್ರೀಯ ಕೈ ಬಾಗಿಲ ಚಿಲಕದ ಮೇಲೆಯೇ ನಿಂತಿತು.

ದೇವರಾಜು ಅವಳ ಊರಿನ ಡೇರಿಯಲ್ಲಿ ಹದಿನಾರು ವರ್ಷದಿಂದ ಹಾಲು ಪರೀಕ್ಷೆ ಮಾಡುವವನು. ಫ್ಯಾಟಿನ ನಂಬರು ಮೇಲೇರಿದರೆ ಒಳ್ಳೆಯ ಹಾಲು, ಇಳಿದರೆ ನೀರು. ಬೆಳಗೂ ಸಂಜೆಯೂ ಅದನ್ನೇ ನೋಡಿ ಪಳಗಿದ ಕಣ್ಣು. ಆಪರೇಷನ್ ಆದಾಗ ಮೈ ಸೋತಿತ್ತು, ಅದಕ್ಕೇ ಮೂವತ್ತೊಂದು. ಈಗ ಚೇತರಿಸಿಕೊಂಡಿದೆ ಎಂದುಕೊಂಡಿದ್ದ.

“ಇಷ್ಟ್ ದಿನ ಕೇಳಕ್ಕೆ ಧೈರ್ಯ ಇರ್ನಿಲ್ಲ.” ಅವನ ಕಿವಿ ಕೆಂಪಾಗಿತ್ತು. “ನಿಮ್ಮವ್ವನ್ ತಾವ ಬಂದು ಹೆಣ್ ಕೇಳ್ಲಾ?”

ಅವ್ವ ದ್ಯಾವಮ್ಮನ ಹಾಲಿನ ಕ್ಯಾನು ಹಿಡಿದು ಡೇರಿಯ ಸಾಲಿನಲ್ಲಿ ನಿಲ್ಲುತ್ತಿದ್ದ ದಿನಗಳಿಂದಲೂ ಅವಳು ಕಾದಿದ್ದ ಮಾತು. ಸುಮ್ಮನಿದ್ದರೆ, ನಾಳೆ ಮೈಸೂರಿನ ಡಾಕ್ಟರು ಹೇಳುವವರೆಗಾದರೂ ಆ ನಗು ಉಳಿಯುತ್ತಿತ್ತು.

ಅವಳು ಅವನನ್ನು ಕೂರಿಸಿ ಪಕ್ಕದಲ್ಲೇ ಕೂತಳು.

“ಇದು ಫ್ಯಾಟಲ್ಲ ಕಣ್ರೀ. ಗೆಡ್ಡೆ ರಕ್ತದಲ್ಲಿ ಬುಡೋ ಗುರುತು. ಮೂವತ್ತೇಳರ ಒಳ್ಗಿರ್ಬೇಕು. ಏರುದ್ರೆ ಒಳ್ಳೇದಲ್ಲ.”

ಆತ ಕಾಗದ ನೋಡಿದ, ಅವಳನ್ನು ನೋಡಿದ. “ಅಂಗಾರೆ ಎಲ್ಲಾ ಕಡೆ ಹಬ್ಬಿಬುಟ್ಟದಾ?”

“ಗೊತ್ತಿಲ್ಲ. ಪಿತ್ತದ ನಾಳ ಕಟ್ಕಂಡ್ರೂ ಏರ್ತದೆ. ಸ್ಕ್ಯಾನ್ ಆಗ್ದೆ ಡಾಕ್ಟ್ರೂ ಹೇಳಕಾಗಲ್ಲ.” ಅವನಿಂದ ತೆಗೆದ ಗೆಡ್ಡೆಯ ಚೂರನ್ನು ಪರೀಕ್ಷಿಸಿದಾಗ, ಹರಡದಂತೆ ತಡೆಯುವ ಒಂದು ಪ್ರೋಟೀನು ಅದರಲ್ಲಿ ಇಲ್ಲವೆಂದು ಬಂದಿತ್ತು. ಅದನ್ನು ಓದಿದ ದಿನವೇ ಅವಳು ಅತ್ತಿದ್ದಳು. “ಭಯ ಅದೆ. ಸುಳ್ ಹೇಳಲ್ಲ.”

ದೇವರಾಜು ಕಾಗದವನ್ನು ಮಡಿಸಿದ, ಮತ್ತೆ ಮಡಿಸಿದ.

“ಎಂಥಾ ದಡ್ಡ ನೋಡಿ ನಾನು. ಬರೋವಾಗ ಚೌಡಯ್ಯನ ಅಂಗ್ಡೀಲಿ ಮೈಸೂರ್ ಪಾಕ್ ಬೇರೆ ತಿಂದೆ, ಖುಷಿಗೆ.” ನಗಲು ನೋಡಿದ, ಆಗಲಿಲ್ಲ. “ಕೇಳಿದ್ದ ಮರ್ತುಬುಡಿ ಹೇಮ.”

“ಯಾಕ್ ಮರೀಲಿ? ಆರ್ ವರ್ಸ ಕಾದಿವ್ನಿ.”

“ನನ್ ಕಟ್ಕಂಡು ಏನ್ ಸುಖ ಪಟ್ಟೀರಿ?”

“ಅದು ನಂಗ್ ಬುಟ್ಟಿದ್ದು. ಇನ್ಯಾವಳೋ ಬಂದು ನಿಮ್ ಪಕ್ಕ ಕೂತ್ಕಂಡು ತಲೆ ಒತ್ತುದ್ರೆ ನನ್ ಕೈಲಿ ನೋಡಕಾಗಲ್ಲ.”

“ನನ್ ತಲೆ ಒತ್ತಕ್ಕೆ ಯಾವಳ್ ಬತ್ತಾಳೆ?”

“ಬರೋದ್ ಬ್ಯಾಡ ಅಂತ್ಲೇ ಹೇಳ್ತಿರೋದು.”

ಈ ಸಲ ಅವನಿಗೆ ನಿಜವಾಗಿ ನಗು ಬಂತು. ಅದರ ಹಿಂದೆಯೇ ಕಣ್ಣೂ ತುಂಬಿತು. ಅವಳು ಕರವಸ್ತ್ರ ಕೊಡಲಿಲ್ಲ, ತನ್ನ ಸೆರಗಿನ ತುದಿಯನ್ನೇ ಕೊಟ್ಟಳು. ಆಮೇಲೆ ಎದ್ದು ಬಿಳಿ ಕೋಟು ಬಿಚ್ಚಿ ಮೊಳೆಗೆ ಸಿಕ್ಕಿಸಿದಳು.

“ಶ್ವೇತ, ಒಂದ್ ಗಂಟೆ ನೋಡ್ಕಳೆ. ನಡೀರಿ.”

“ಎಲ್ಲಿಗೆ?”

“ಅವ್ವನ್ ತಾವ.”

“ಇವತ್ತೇನಾ? ಅಂಗೀ ಮ್ಯಾಲೆಲ್ಲಾ ಹಾಲಿನ್ ಕಲೆ...”

“ಅವ್ವ ಕಾಣ್ದಿರೋ ಅಂಗಿಯಾ ಅದು?”

ದೇವರಾಜು ಎದ್ದ. ಬಾಗಿಲಲ್ಲಿ ಮತ್ತೆ ನಿಂತ. “ಈ ರಿಪೋರ್ಟು?”

“ತಗಳಿ, ಮುಚ್ಚಿಡೋದೇನೂ ಇಲ್ಲ. ನಂಬರ ನಾನ್ ಹೇಳ್ತೀನಿ. ಹೆಣ್ಣ ನೀವ್ ಕೇಳಿ.”