ಗುಡ್ಡದ ಮೇಲೆ ಒಪ್ಪಿಕೊಂಡ ಮಾತು

"ಕೈ ಒಳಗ ಇಟ್ಗೋರಿ ಮ್ಯಾಡಮ್, ಕೊಂಡಿ ಹಾಕ್ಲತ್ತೀನಿ."

ಆ ದನಿ ಕೇಳಿದ್ದೇ ತಡ, ಯೋಗಿತಾಳಿಗೆ ಗುರುತು ಹತ್ತಿತು.

ಜೈಂಟ್ ವ್ಹೀಲ್‌ನ ತೊಟ್ಟಿಲಲ್ಲಿ ಕುಳಿತಿದ್ದವಳು ಮೆಲ್ಲಗೆ ತಲೆ ಎತ್ತಿದಳು. ಕಿವಿ ಮುಚ್ಚುವಂತೆ ಸುತ್ತಿದ ಮಫ್ಲರ್, ಗ್ರೀಸ್ ಹತ್ತಿದ ಬೆರಳುಗಳು, ಹುಬ್ಬಿನ ಮೇಲೊಂದು ಹಳೆಯ ಗಾಯದ ಗುರುತು...

ಬಸವಕುಮಾರ!

ಅವನೂ ಅವಳನ್ನು ನೋಡಿದ. ಕೊಂಡಿಯ ಮೇಲಿದ್ದ ಅವನ ಕೈ ಒಂದು ಕ್ಷಣ ಅಲ್ಲೇ ನಿಂತಿತು. ಆಮೇಲೆ ಕೊಂಡಿಯನ್ನು ಒಮ್ಮೆ ಜಗ್ಗಿ ನೋಡಿದ. ಇನ್ನೊಮ್ಮೆ ಜಗ್ಗಿ ನೋಡಿದ. ಮುಂದಿನ ತೊಟ್ಟಿಲಿಗೆ ಹೋದ.

'ಇವನು ಇಲ್ಲಿ? ಪುಣೆಗೆ ಹೋದ ಅಂದಿದ್ದರಲ್ಲ...'

ತುರೋರಿಯ ಶಾಲೆಯ ಮಕ್ಕಳನ್ನು ಕರೆದುಕೊಂಡು ಯೋಗಿತಾ ಬಂದಿದ್ದಳು. ಉದಗೀರದ ಆಚೆ, ಗುಡ್ಡದ ನೆತ್ತಿಯ ಮೇಲೆ ಹೋದ ದೀಪಾವಳಿಗೆ ಶುರುವಾದ ಪಾರ್ಕ್ ಅದು. ಡಿಸೆಂಬರಿನ ಬಿಸಿಲಿಗೆ ಬಣ್ಣವಿತ್ತೇ ಹೊರತು ಶಾಖವಿರಲಿಲ್ಲ. ಮಕ್ಕಳು ಮಂಕಿ ಟೋಪಿ ಹಾಕಿಕೊಂಡು, ಮೂಗು ಸೋರಿಸಿಕೊಂಡು, ಆಕಾಶಪಾಳಣಾ ಎಂದು ತಾವು ಕರೆಯುವ ಈ ದೊಡ್ಡ ಚಕ್ರ ಹತ್ತುತ್ತೇವೆಂದು ಬೆಳಗಿನಿಂದ ಗಲಾಟೆ ಮಾಡುತ್ತಿದ್ದರು.

"ಬಾಯಿ, ಅಂವಾ ನಿಮಗ ಗುರ್ತೇನ್ರಿ?" ಪಕ್ಕದಲ್ಲಿ ಕುಳಿತ ನಾಲ್ಕನೇ ತರಗತಿಯ ಶಿವಾನಿ ಕೇಳಿದಳು. ಆ ಕಡೆಯ ಮಕ್ಕಳು ಟೀಚರನ್ನು ಬಾಯಿ ಎಂದೇ ಕರೆಯುತ್ತಾರೆ.

"ಇಲ್ಲ..."

ಇನ್ನೊಂದು ಸುಳ್ಳು! ಹಳೆಯದೇ ಇನ್ನೂ ಎದೆಯ ಮೇಲೆ ಕುಳಿತಿರುವಾಗ!

ಚಕ್ರ ಮೇಲೆ ಹೋಯಿತು. ಕೆಳಗೆ ತೊಗರಿ ಹೊಲಗಳು ಹಾಸಿಗೆಯ ಚೌಕಗಳಂತೆ ಕಂಡವು. ಶಿವಾನಿ ಕಿಲಕಿಲ ನಕ್ಕಳು. ತೀರ ನೆತ್ತಿಗೆ ಹೋದಾಗ, ಕೆಳಗೆ ಜನ ಹತ್ತಿಸಿಕೊಳ್ಳಲು ಚಕ್ರ ಗಕ್ಕನೆ ನಿಂತಿತು.

ತೊಟ್ಟಿಲು ಹೊಯ್ದಾಡಿತು. ಕಬ್ಬಿಣ ನರಳಿತು.

ಯೋಗಿತಾಳಿಗೆ ಅದು ಕಬ್ಬಿಣದ ಸದ್ದಾಗಿ ಕೇಳಿಸಲಿಲ್ಲ. ಹದಿನೈದು ವರ್ಷದ ಹಿಂದೆ ಭೂಕಂಪದ ರಾತ್ರಿ ತನ್ನೂರು ಸಾಸ್ತೂರದಲ್ಲಿ ನೆಲದೊಳಗಿಂದ ಎದ್ದು ಬಂದ ಆ ಗುಡುಗು... ಕಲ್ಲು ಮಣ್ಣಿನ ಗೋಡೆ... ಧೂಳಿನೊಳಗಿಂದ ಬಂದ ಆ ದನಿ...

ಉಸಿರೇ ಬರಲಿಲ್ಲ. ಮೈಯೆಲ್ಲ ಬೆವೆತಿತು.

"ಕೆಳಗ ಇಳಸ್ರೀ! ನಮ್ಮ ಬಾಯಿಗಿ ಏನೋ ಆಗ್ಯಾದ!" ಶಿವಾನಿ ಕಿರುಚಿದಳು.

ಕೆಳಗೆ ನಿಂತವನು ಒಂದು ಕ್ಷಣವೂ ತಡಮಾಡಲಿಲ್ಲ. ಮೆಲ್ಲಗೆ, ತೀರ ಮೆಲ್ಲಗೆ ಚಕ್ರವನ್ನು ತಿರುಗಿಸಿ ಅವರನ್ನು ಕೆಳಗಿಳಿಸಿದ.

* * *

ಜೊತೆಗೆ ಬಂದಿದ್ದ ವೈಜಿನಾಥ ಗುರೂಜಿ ಮಕ್ಕಳನ್ನು ಪುಟಾಣಿ ರೈಲಿನ ಕಡೆ ಕರೆದೊಯ್ದರು. ಯೋಗಿತಾ ಗುಡ್ಡದ ಅಂಚಿನ ಕಲ್ಲುಬೆಂಚಿನ ಮೇಲೆ ಕುಳಿತಳು. ಬಸವಕುಮಾರ ಚಹಾದ ಗ್ಲಾಸು ತಂದು ಪಕ್ಕಕ್ಕಿಟ್ಟು, ಎರಡು ಮಾರು ದೂರ ನಿಂತ.

"ಕುಡೀರಿ. ಸಕ್ರಿ ಜಾಸ್ತಿ ಹಾಕ್ಸೀನಿ."

ಅವಳು ಆ ಚಹಾ ಮುಟ್ಟಲಿಲ್ಲ.

ಆರು ವರ್ಷದ ಹಿಂದೆ ಇವನು ಕಾಸಾರಶಿರಸಿಯಿಂದ ಅವಳನ್ನು ನೋಡಲು ಬಂದಿದ್ದ. ಎರಡೂ ಮನೆಗೆ ಒಪ್ಪಿಗೆಯಾಗಿತ್ತು. ಅವಳಿಗೂ! ಅವನ ಮೆಲುಮಾತು, ನಾಚಿಕೆಯ ನಗು ಅವಳಿಗೆ ಮೊದಲ ನೋಟದಲ್ಲೇ ಹಿಡಿಸಿತ್ತು. ಹಿರಿಯರು ಇಬ್ಬರನ್ನೇ ಹಿತ್ತಲಲ್ಲಿ ಐದು ನಿಮಿಷ ಮಾತಾಡಲು ಬಿಟ್ಟಾಗ ಅವನು ಹೇಳಿದ್ದ:

"ಒಂದು ಮಾತು ಮೊದಲೇ ಹೇಳ್ಬೇಕು ನಿಮಗ. ಭೂಕಂಪದಾಗ ನಮ್ಮ ತಂಗಿ ನನ್ನ ಬಾಜೂಕೇ ಮಲಗಿದ್ಳು. ನಾ ಎದ್ದು ಓಡ್ದೆ. ಹೊರಗ ಬಂದ ಮ್ಯಾಲ ನೆನಪಾಯ್ತು, ಆಕಿ ಒಳಗೇ ಅದಾಳಂತ. ಆಗ ಮನಿ ಇರ್ಲಿಲ್ಲ."

ಯೋಗಿತಾಳ ಮುಖ ಬಿಳುಚಿತ್ತು. ಮರುದಿನವೇ ಆಕೆ ಮದುವೆ ಬೇಡವೆಂದಳು. ಯಾಕೆಂದು ಕಸ್ತೂರಬಾಯಿ ಕಾಕಿ ಬೆನ್ನು ಹತ್ತಿದಾಗ ಬಾಯಿಂದ ಆ ಮಾತು ಬಂದುಬಿಟ್ಟಿತು:

"ತಂಗೀನ ಬಿಟ್ಟು ಓಡಿದಂವಾ, ನಾಳೆ ನನ್ನೂ ಬಿಟ್ಟು ಓಡ್ತಾನ!"

ಕಾಕಿಯ ಬಾಯಿಗೆ ಬಿದ್ದ ಮಾತು ಎರಡು ತಾಲೂಕು ಸುತ್ತಿತು. ಬಸವಕುಮಾರನಿಗೆ ಯಾರೂ ಹೆಣ್ಣು ಕೊಡಲಿಲ್ಲ. ವರ್ಷದೊಳಗೆ ಅವನು ಊರು ಬಿಟ್ಟ.

"ನೀವು... ಚೆನ್ನಾಗಿದ್ದೀರೇನ್ರಿ?" ಅವಳು ಕಷ್ಟಪಟ್ಟು ಕೇಳಿದಳು.

"ಇದ್ದೀನಿ. ಪುಣೆದಾಗ ಮಶೀನಿನ ಕೆಲಸ ಕಲ್ತೆ. ಈಗ ಇಲ್ಲಿ ಎಲ್ಲಾ ಪಾಳಣಾ ನಾನೇ ನೋಡ್ಕೋತೀನಿ." ಗ್ರೀಸ್ ಹತ್ತಿದ ಬೆರಳು ಒರೆಸಿಕೊಳ್ಳುತ್ತ ಹೇಳಿದ. "ನಿಮ್ಮ ಮ್ಯಾಲ ನನಗ ಸಿಟ್ಟಿಲ್ರಿ. ನೀವು ಅಂದಿದ್ದು ಖರೇನೇ ಇತ್ತು. ಅಂಥ ಮನಶ್ಯಾಗ ಯಾರು ಮದಿವಿ ಆಗ್ತಾರ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಇದನ್ನು ತಡೆಯಲಾಗಲಿಲ್ಲ.

"ಹಂಗನಬ್ಯಾಡ್ರಿ!" ಅವಳ ಕಣ್ಣಿಂದ ನೀರು ಸುರಿಯಿತು. "ನಾನೂ ಓಡೀನಿ!"

ಅವನು ತಿರುಗಿ ನೋಡಿದ.

"ನಮ್ಮಜ್ಜಿ... ಗುರುಬಾಯಿ. ಅವತ್ತು ಅವ್ವ ಉಮರ್ಗಾದ ತವರಿಗಿ ಹೋಗಿದ್ಳು. ಮನ್ಯಾಗ ನಾವಿಬ್ರೇ. ಗ್ವಾಡಿ ಬೀಳ್ಲತ್ತಾಗ ನಾ ಬಾಗಲತಾಕ ಬಂದಿದ್ದೆ. 'ಯೋಗೀ, ಎಬ್ಬಸವ್ವಾ' ಅಂತ ಅಜ್ಜಿ ಕರದ್ಳು. ಕೇಳಿಸ್ತು ನನಗ... ಚಂದಾಗಿ ಕೇಳಿಸ್ತು. ಆದ್ರೂ ಓಡ್ದೆ."

ಬಸವಕುಮಾರ ಬೆಂಚಿನ ಹತ್ತಿರ ಬಂದ.

"ಅವ್ವ ಬಂದು ಕೇಳಿದ್ಳು, ಹ್ಯಾಂಗ ಉಳದಿ ಅಂತ. ಅಜ್ಜೀನೇ ನನಗ ಹೊರಗ ದೂಡಿದ್ಳು ಅಂದೆ. ಹದಿಮೂರು ವರ್ಷದಾಕಿ ನಾ... ಬಾಯಿಗಿ ಬಂದದ್ದು ಅಂದೆ. ಅವ್ವ ಅದನ್ನೇ ಊರ ತುಂಬ ಹೇಳ್ಕೋತ ಬಂದಾಳ. ನಮ್ಮತ್ತಿ ತಾ ಹೋಗಿ ಮಮ್ಮಗಳಿಗಿ ಉಳಸ್ಯಾಳಂತ! ಪ್ರತೀ ವರ್ಷ ಫೋಟೋಕ್ಕ ಹೂವು ಏರಸಿ ಹೇಳ್ತಾಳ. ನಾ ಬಾಜೂಕೇ ಕುಂತು ಕೇಳ್ತೀನಿ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನೀವು ಹಿತ್ತಲದಾಗ ನಿಮ್ಮ ಮಾತು ಹೇಳಿದಾಗ... ನನ್ನದೂ ಹೇಳ್ಬೇಕಂತ ನಾಲಗಿ ತನಕ ಬಂದಿತ್ರಿ. ಅಂಜಿದೆ. ನಿಮ್ಮ ಮಾರಿ ನೋಡಿದ್ರ ನನ್ನದೇ ಕಾಣ್ತಿತ್ತು. ಅದಕ್ಕ..."

"ಅದಕ್ಕ ನನ್ನ ಮ್ಯಾಲ ಹಾಕಿದ್ರಿ."

ಅವನ ದನಿ ಈಗ ಮೆತ್ತಗಿರಲಿಲ್ಲ.

"ಆರು ವರ್ಷ! ನಮ್ಮ ಅವ್ವಗ ನೀರಿನ ಕಟ್ಟಿ ಮ್ಯಾಲ ನಿಂತು ಜನ ಕೇಳ್ಯಾರ, ಓಡಿದ ಮಗ ಎಲ್ಲಿಗಿ ಹೋದ ಅಂತ. ನನಗ ಗೊತ್ತಿಲ್ದವರು ಅಂದಿದ್ರ ಹೋಗ್ಲಿ ಅಂತಿದ್ದೆ. ನಿಮಗ ಗೊತ್ತಿತ್ತು! ಆ ಸಂಕಟ ಏನಂತ ನಿಮಗ ಗೊತ್ತಿದ್ದೂ ಅಂದ್ರಿ!"

"ಮಾಫ್ ಮಾಡ್ರಿ ಅಂತ ಕೇಳ್ಲಿಕ್ಕೂ ಮಾರಿ ಇಲ್ಲ ನನಗ..."

ಅವನು ತಿರುಗಿ ಚಕ್ರದ ಕಡೆ ನಡೆದುಬಿಟ್ಟ. ಚಹಾ ತಣ್ಣಗಾಗಿ ಅದರ ಮೇಲೆ ಕೆನೆ ಕಟ್ಟಿತ್ತು.

* * *

ಸಂಜೆ ನಾಲ್ಕಕ್ಕೆ ಬಸ್ಸು ಹೊರಡಲು ಸಿದ್ಧವಾಯಿತು. ಯೋಗಿತಾ ಮಕ್ಕಳ ತಲೆ ಎಣಿಸುತ್ತಿದ್ದಳು. ಎರಡು ಸಲ ಲೆಕ್ಕ ತಪ್ಪಿತು.

"ಮ್ಯಾಡಮ್."

ಬಸವಕುಮಾರ ಬಾಗಿಲ ಹತ್ತಿರ ನಿಂತಿದ್ದ. ಕಣ್ಣು ಕೆಂಪಾಗಿದ್ದವು.

"ನನಗ ಹೇಳಿದ್ರಿ, ಛಲೋ ಆಯ್ತು. ಆದ್ರ ಮೊದಲ ಹೇಳ್ಬೇಕಾದ್ದು ನನಗಲ್ಲ. ಅವ್ವಗ ಹೇಳ್ರಿ."

"ಅವ್ವ ನನ್ನ ಮಾರಿ ನೋಡಲ್ಲರೀ..."

"ನಮ್ಮವ್ವನೂ ಒಂದು ವರ್ಷ ನೋಡ್ಲಿಲ್ಲ. ಆಮ್ಯಾಲ ನೋಡಿದ್ಳು." ಅವನು ಒಂದು ಚೀಟಿ ಚಾಚಿದ. "ಪಾರ್ಕಿನ ಫೋನ್ ನಂಬರ್ ಅದ. ಹೇಳಿದ ಮ್ಯಾಲ ಮಾಡ್ರಿ. ಹೇಳದಿದ್ರ ಮಾಡಬ್ಯಾಡ್ರಿ."

* * *

ಭಾನುವಾರ ಯೋಗಿತಾ ಸಾಸ್ತೂರಕ್ಕೆ ಹೋದಳು. ಭೂಕಂಪದ ನಂತರ ಸರಕಾರ ಕಟ್ಟಿಸಿಕೊಟ್ಟ ಸಾಲುಮನೆಯ ಅಂಗಳದಲ್ಲಿ ತಾಯಿ ರಂಭಾಬಾಯಿ ಜೋಳ ಕೇರುತ್ತಿದ್ದಳು.

ಅಜ್ಜಿಯದನ್ನೂ ಬಸವಕುಮಾರನದನ್ನೂ ಹೇಳುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹದಿನೈದು ವರ್ಷ ಹೊತ್ತದ್ದು ನಾಲ್ಕು ಮಾತಿನಲ್ಲಿ ಮುಗಿದುಹೋಯಿತು!

ಮೊರ ನಿಂತಿತು. ರಂಭಾಬಾಯಿ ಎದ್ದು ಒಳಗೆ ಹೋದಳು. ಅಂದು ಅತ್ತೆಯ ಫೋಟೋದ ಮುಂದೆ ದೀಪ ಹಚ್ಚಲಿಲ್ಲ. ಮರುದಿನವೂ ಮಗಳ ಜೊತೆ ಮಾತಿಲ್ಲ. ಯೋಗಿತಾ ಶಾಲೆಗೆ ರಜೆ ಹಾಕಿ, ಬೈಗುಳಕ್ಕಾಗಿ ಕಾಯುತ್ತ ಕುಳಿತಳು. ಬೈಗುಳವೂ ಬರಲಿಲ್ಲ.

ಮೂರನೇ ದಿನ ರೊಟ್ಟಿ ತಟ್ಟುತ್ತಿದ್ದ ತಾಯಿ ತಲೆ ಎತ್ತದೆ ಕೇಳಿದಳು.

"ಏನಂತ ಕರದ್ಳು?"

"ಯೋಗೀ... ಎಬ್ಬಸವ್ವಾ... ಅಂತ."

ರಂಭಾಬಾಯಿಯ ಕೈ ಹಿಟ್ಟಿನ ಮೇಲೆ ನಿಂತಿತು. ಕಣ್ಣೀರು ಒಲೆಯ ಶಾಖಕ್ಕೆ ಕೆನ್ನೆಯ ಮೇಲೇ ಒಣಗಿತು.

"ನೀ ಹೋಗಿದ್ರ ಇಬ್ರೂ ಹೋಗ್ತಿದ್ರಿ. ಅದು ನನಗೂ ತಿಳಿತದ. ಆದ್ರ ಆ ಮುದಕಿ ಕಡೀ ಮಾತು ಏನಂತ ನನಗ ಗೊತ್ತಾಗ್ಲಿಲ್ಲ ನೋಡು ಇಷ್ಟು ವರ್ಷ... ಅದಕ್ಕ ಸಿಟ್ಟು ಬರ್ತದ. ಇನ್ನೂ ಬರ್ತದ."

"ಬೈಯವ್ವಾ... ಹೊಡಿ ಬೇಕಾದ್ರ!"

"ರೊಟ್ಟಿ ತಿನ್ನು ಮೊದಲ. ಮೂರು ದಿನ ಆಯ್ತು." ರಂಭಾಬಾಯಿ ತಟ್ಟೆ ಸರಿಸಿದಳು. "ಆಮ್ಯಾಲ ಆ ಕಾಸಾರಶಿರಸಿ ಹುಡುಗ್ಗ ಬರಲಿಕ್ಕ ಹೇಳು. ಅಂವನ ಮ್ಯಾಲ ನಮ್ಮ ಮನಿ ಮಾತು ಬಿದ್ದದ. ನಾವೇ ತಗೀಬೇಕು."

* * *

ಜನವರಿಯ ಎರಡನೇ ಭಾನುವಾರ ಬಸವಕುಮಾರ ಬಂದ. ಇಸ್ತ್ರಿ ಮಾಡಿದ ಅಂಗಿ, ಅದೇ ಮಫ್ಲರ್.

ಯೋಗಿತಾ ಕಸ್ತೂರಬಾಯಿ ಕಾಕಿಯನ್ನೂ ಓಣಿಯ ನಾಲ್ಕು ಹೆಂಗಸರನ್ನೂ ಕರೆಸಿದ್ದಳು. ಎಲ್ಲರೂ ಕುಳಿತ ಮೇಲೆ ಎದ್ದು ನಿಂತಳು.

"ಇವರ ಬಗ್ಗೆ ನಾ ಅಂದ ಮಾತು ತಪ್ಪಿತ್ತು. ಓಡಿದಾಕಿ ನಾನೂ. ಇವರು ಖರೇ ಹೇಳಿದ್ರು, ನಾ ಮುಚ್ಚಿಟ್ಟೆ. ಕಾಕಿ, ಆ ಮಾತು ಎಲ್ಲೆಲ್ಲಿ ಮುಟ್ಟಿಸೀರಿ, ಇದನ್ನೂ ಅಲ್ಲೆಲ್ಲ ಮುಟ್ಟಸ್ರಿ."

ಕಾಕಿ ಸೆರಗಿನ ತುದಿ ಸುತ್ತುತ್ತ ನೆಲ ನೋಡಿದಳು.

ಆಗ ರಂಭಾಬಾಯಿ ಅವನ ಎದುರಿಗೆ ಬಂದು ಕುಳಿತಳು.

"ತಂಗಿ ಹೆಸರೇನಿತ್ತಪಾ?"

ಬಸವಕುಮಾರ ತಬ್ಬಿಬ್ಬಾದ. ಅವನು ಓಡಿದ್ದನ್ನು ಎಲ್ಲರೂ ಕೇಳಿದ್ದರು. ಇದನ್ನು ಇಷ್ಟು ವರ್ಷ ಒಬ್ಬರೂ ಕೇಳಿರಲಿಲ್ಲ.

"ಸುಗಂಧಾ... ಆರು ವರ್ಷದಾಕಿ. ಬೆಲ್ಲ ಅಂದ್ರ ಪ್ರಾಣ ಬಿಡ್ತಿದ್ಳು."

ಅಷ್ಟು ಹೇಳಿ, ಇಪ್ಪತ್ತೊಂಬತ್ತು ವರ್ಷದ ಗಂಡಸು ಎಲ್ಲರ ಮುಂದೆ ಮಗುವಿನಂತೆ ಅತ್ತ. ರಂಭಾಬಾಯಿ ಅವನ ಬೆನ್ನ ಮೇಲೆ ಕೈಯಿಟ್ಟು ಸುಮ್ಮನೆ ಕುಳಿತಳು.

ಊಟವಾದ ಮೇಲೆ ಯೋಗಿತಾ ಅವನನ್ನು ಕಳಿಸಲು ಬಸ್ ನಿಲ್ದಾಣದ ತನಕ ನಡೆದಳು. ರಸ್ತೆಯ ಎರಡೂ ಬದಿಗೆ ಜೋಳದ ತೆನೆ ತಲೆದೂಗುತ್ತಿತ್ತು. ಅವಳ ಎದೆಯ ಭಾರ ಪೂರ್ತಿ ಇಳಿದಿರಲಿಲ್ಲ. ಪೂರ್ತಿ ಇಳಿಯುವುದೂ ಇಲ್ಲವೆಂದು ಅವಳಿಗೆ ತಿಳಿದಿತ್ತು. ಆದರೂ ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಅದನ್ನು ಅವಳೊಬ್ಬಳೇ ಹೊತ್ತಿರಲಿಲ್ಲ.

"ನಿಮ್ಮ ಸಿಟ್ಟು ಹೋಗ್ಯಾದೇನ್ರಿ?"

"ಅರ್ಧ ಹೋಗ್ಯಾದ."

"ಇನ್ನರ್ಧ?"

"ಮದಿವಿ ಆದ ಮ್ಯಾಲ ಜಗಳಾಡ್ಲಿಕ್ಕ ಬೇಕಲ್ಲ!"

ಅವಳು ನಡೆಯುವುದನ್ನೇ ನಿಲ್ಲಿಸಿದಳು. ಅವನೂ ನಿಂತ. ಅವಳಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು.

"ನಾ ಇನ್ನೂ ಅಂಜ್ತೀನ್ರಿ... ಲಾರಿ ಹೋಗಿ ನೆಲ ನಡುಗಿದ್ರೂ ಎದ್ದು ಕೂಡ್ತೀನಿ."

"ನಾನೂ ಹಂಗೇ."

"ಇಬ್ರೂ ಅಂಜಬುರಕರು ಕೂಡಿ ಹ್ಯಾಂಗ ಸಂಸಾರ ಮಾಡೋದು?"

ಅವನು ಸ್ವಲ್ಪ ಯೋಚಿಸಿದ. ತಮಾಷೆಯಲ್ಲ, ನಿಜವಾಗಿಯೇ ಯೋಚಿಸಿದ.

"ಮನಿಗಿ ಎರಡು ಬಾಗಲಾ ಇಡಸ್ತೀನಿ, ಯೋಗಿತಾ."

"ಮೂರು ಇಡಸ್ರಿ," ಅಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. "ಒಂದು ಅವ್ವಗ."