ಮೌಸ್ ಇಟ್ಟಾಗ ಬರುವ ಮುಖ

“ಬಂತು! ಮತ್ತ ಬಂತು!” ಎಂದು ಫರ್ದೀನ ಕುರ್ಚಿ ಕೆಡವಿಕೊಂಡು ಹಿಂದಕ್ಕೆ ಹಾರಿದ.

ಕೈನಾತ ಮೌಸನ್ನು ಸರ್ರನೆ ಪಕ್ಕಕ್ಕೆ ಎಳೆದಳು. ಪರದೆಯ ಮೇಲಿದ್ದ ಮುಖ ನಿಧಾನವಾಗಿ ಮಸುಕಾಯಿತು. ಕಣ್ಣು, ಮೂಗು, ನಗು ಎಲ್ಲವೂ ತೆಳ್ಳಗಾಗುತ್ತ ಹೋಗಿ, ಕೊನೆಗೆ ಬರೀ ಬಿಳಿ ಚೌಕ ಉಳಿಯಿತು.

ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಅವರಿಬ್ಬರೇ ಇದ್ದರು. ಧಾರಾವಿಯ ಧೂಳು ಒಳಗೆ ಬರಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಮಟಮಟ ಮಧ್ಯಾಹ್ನದಲ್ಲೂ ಒಳಗೆ ಮಬ್ಬುಗತ್ತಲೆ. ಫ್ಯಾನ್ ಕಿರ್ರೋ ಎನ್ನುತ್ತಿತ್ತು.

“ಅದು ಅಂಜುಮನ ಮುಖ,” ಫರ್ದೀನ ಪಿಸುಗುಟ್ಟಿದ. “ಆಕಿ ಮಲಾಡಿಗೆ ಹೋಗ್ಯಾಳ. ಪೇಜಿನ್ಯಾಗ ಆಕಿ ಫೋಟೋನೂ ಇಲ್ಲ. ಮತ್ತ ಬರಾಕತ್ತಿದ್ದು ಯಾರು? ಕಸಂ ಸೇ, ಭೂತ!”

“ಸುಮ್ನಿರೋ. ಕಂಪ್ಯೂಟರ್ ಹ್ಯಾಂಗ್ ಆಗೇತಿ, ಅಷ್ಟ.”

ಹಾಗೆಂದಳೇ ಹೊರತು ಮೌಸನ್ನು ಮತ್ತೆ ಆ ಚೌಕದ ಮೇಲೆ ಒಯ್ಯಲಿಲ್ಲ. ಫೋಟೋ ಯಾಕೆ ಇಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. ಮುಖ ಯಾಕೆ ಬರುತ್ತಿದೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ.

ಆ ವೆಬ್ ಪೇಜಿನ ಹೆಸರು ‘ನಮ್ಮ ಗಲ್ಲಿ’. ಶನಿವಾರದ ಪೇರೆಂಟ್ಸ್ ಡೇಗೆಂದು ಕೈನಾತ, ಅಂಜುಮ ಸೇರಿ ಮಾಡಿದ್ದು. ಅದರಲ್ಲಿ ಗಲ್ಲಿಯವರೆಲ್ಲರ ಫೋಟೋ ಇದ್ದವು. ನಿಂಗಣ್ಣನ ಮೇಕೆಯದೂ ಇತ್ತು. ಗೆಳತಿಯರಿಬ್ಬರು ಅಂಟಿಕೊಂಡು ನಿಂತ ಒಂದೇ ಫೋಟೋವನ್ನು ಎರಡಾಗಿ ಕತ್ತರಿಸಿ ಅಕ್ಕಪಕ್ಕ ಇಟ್ಟಿದ್ದರು.

ಪೇಜಿನ ಕೋಡಿನಲ್ಲಿ ಸೆಲೆಕ್ಟರ್ ಅಂದರೆ ಹಾಜರಿ ಕೂಗಿದ ಹಾಗೆ ಎಂದು ಧಾತ್ರಿ ಮಿಸ್ ಹೇಳಿಕೊಟ್ಟಿದ್ದರು. ಒಂದು ಚುಕ್ಕಿ ಇಟ್ಟು ‘ಫೋಟೋ’ ಎಂದು ಕೂಗಿದರೆ, ಆ ಹೆಸರಿನ ಕ್ಲಾಸಿನಲ್ಲಿರುವ ಚಿತ್ರಗಳೆಲ್ಲ ಹೇಳಿದಂತೆ ಕೇಳುತ್ತವೆ. ಎಲ್ಲ ಚಿತ್ರಗಳೂ ತುಸು ಮಸುಕಾಗಿರಬೇಕು, ಮೌಸ್ ಮುಟ್ಟಿದರೆ ಮೆಲ್ಲಗೆ ಬೆಳಗಬೇಕು ಎನ್ನುವುದು ಅಂಜುಮಳ ಐಡಿಯಾ.

ಹೋದ ವಾರ ಶಾಲೆಗೆ ಕರೆಯಲು ಹೋದರೆ ಅಂಜುಮಳ ಖೋಲಿಗೆ ಬೀಗ. “ನಸಕಿನ್ಯಾಗ ಟೆಂಪೋ ಮಾಡ್ಕೊಂಡು ಮಲಾಡಿಗೆ ಹ್ವಾದ್ರಲ್ಲ,” ಎಂದಳು ಪಕ್ಕದ ಖೋಲಿಯ ಹಜರತಬಿ ನಾನಿ. “ನಿನಗ ಹೇಳಿಲ್ಲೇನು?”

ಆ ಕೊನೆಯ ಮಾತು ಕೈನಾತಳಿಗೆ ಚುರ್ ಎಂದಿತು. ಅಂದೇ ಲ್ಯಾಬಿಗೆ ಬಂದು, ಚುಕ್ಕಿ ಇಟ್ಟು ‘ಅಂಜುಮ’ ಎಂದು ಬರೆದು, ಚಿತ್ರ ಎಷ್ಟು ಗಾಢ ಎಂದು ಹೇಳುವ ಒಪ್ಯಾಸಿಟಿಯನ್ನು ಸೊನ್ನೆ ಮಾಡಿಬಿಟ್ಟಳು. ಫೋಟೋ ಗಾಜಿನಂತೆ ಕಾಣದಾಯಿತು. ಲೀವಿಂಗ್ ಸರ್ಟಿಫಿಕೇಟ್ ಒಯ್ಯಲು ಅಂಜುಮ ಶನಿವಾರ ಬರುತ್ತಾಳೆ ಎಂದು ಮಿಸ್ ಹೇಳಿದ್ದರು. ಬರಲಿ, ತನ್ನ ಜಾಗ ಖಾಲಿ ಇರುವುದನ್ನು ನೋಡಲಿ!

ಆದರೆ ಈ ಮುಖ ಹೋಗಲೊಲ್ಲದು. ಅದನ್ನು ನೋಡಿದಾಗಲೆಲ್ಲ ಕೈನಾತಳಿಗೆ ಇನ್ನೊಂದು ನೆನಪಾಗುತ್ತಿತ್ತು. ಅಂಜುಮ ಹೋದ ದಿನ ನಸುಕಿನಲ್ಲಿ ಹೀಗೇ ಒಂದು ಮುಖ ಕತ್ತಲಲ್ಲಿ ಅವಳ ಮೇಲೆ ಬಾಗಿತ್ತು. ಹಣೆಗೆ ತಣ್ಣನೆಯ ಬೆರಳು ತಾಗಿತ್ತು. ಯಾರೆಂದು ತಿಳಿಯುವ ಮೊದಲೇ ಮುಖ ಕರಗಿಹೋಗಿತ್ತು. ಕನಸು ಎಂದುಕೊಂಡು ಅದನ್ನು ಯಾರಿಗೂ ಹೇಳಿರಲಿಲ್ಲ. ಈಗ ನೆನೆದರೆ ಮೈ ಜುಮ್ಮೆನ್ನುತ್ತಿತ್ತು.

“ಏನು ಗಲಾಟೆ?” ಧಾತ್ರಿ ಮಿಸ್ ಒಳಗೆ ಬಂದರು.

“ಮಿಸ್, ಪೇಜಿನ್ಯಾಗ ಭೂತ ಐತಿ!”

ಮಿಸ್ ಕೋಡ್ ತೆಗೆದು ನೋಡಿದರು. ಆಮೇಲೆ ಕೈನಾತಳ ಮುಖ ನೋಡಿದರು. “ಫರ್ದೀನ, ಸ್ಟಾಫ್ ರೂಮಿಂದ ನನ್ನ ಕನ್ನಡಕ ತಗೊಂಬಾ,” ಎಂದರು. ಕನ್ನಡಕ ಅವರ ತಲೆಯ ಮೇಲೇ ಇತ್ತು. ಫರ್ದೀನನಿಗೆ ಹೊರಗೆ ಹೋದರೆ ಸಾಕಾಗಿತ್ತು, ಓಡಿದ.

“ನೀನು ಬರೆದ ರೂಲ್‌ನಲ್ಲಿ ಒಂದೇ ಗುರುತಿದೆ, ಅಂಜುಮ ಅಂತ,” ಎಂದರು ಮಿಸ್. “ನೀವಿಬ್ಬರೂ ಮೊದಲು ಬರೆದ ರೂಲ್‌ನಲ್ಲಿ ಎರಡಿದೆ. ಫೋಟೋ ಅನ್ನೋದು ಒಂದು, ಮೌಸ್ ಮುಟ್ಟಿದಾಗ ಅನ್ನೋದು ಇನ್ನೊಂದು. ಎರಡು ಗುರುತು ಇರೋ ರೂಲೇ ಗೆಲ್ಲತ್ತೆ. ಅದಕ್ಕೇ ಮುಟ್ಟಿದರೆ ಅವಳು ಬರ್ತಾಳೆ.”

ಕೈನಾತ ತಲೆ ತಗ್ಗಿಸಿದಳು.

“ಪೂರ್ತಿ ಹೋಗ್ಬೇಕು ಅಂದ್ರೆ ‘ಡಿಸ್‌ಪ್ಲೇ ನನ್’, ಅಂದ್ರೆ ತೋರಿಸಲೇಬೇಡ ಅಂತ ಬರಿ. ಆಗ ಮೌಸಿಗೂ ಸಿಗಲ್ಲ, ಜಾಗವೂ ಉಳಿಯಲ್ಲ.” ಯಾಕೆ, ಏನು ಎಂದು ಕೇಳದೆ ಮಿಸ್ ಹೊರಟುಹೋದರು.

ಕೈನಾತ ಬರೆದಳು. ರಿಫ್ರೆಶ್ ಒತ್ತಿದಳು.

ಬಿಳಿ ಚೌಕವೂ ಮಾಯವಾಯಿತು. ಉಳಿದ ಫೋಟೋಗಳೆಲ್ಲ ಸದ್ದಿಲ್ಲದೆ ಒಂದೊಂದು ಜಾಗ ಹಿಂದಕ್ಕೆ ಸರಿದು ನಿಂತವು. ಅಂಜುಮ ಎಂಬವಳು ಆ ಗಲ್ಲಿಯಲ್ಲಿ ಯಾವತ್ತೂ ಇರಲೇ ಇಲ್ಲವೇನೋ! ಕೈನಾತಳ ಪಕ್ಕಕ್ಕೆ ಈಗ ನಿಂಗಣ್ಣನ ಮೇಕೆ ಬಂದಿತ್ತು.

ನಗು ಬರಬೇಕಿತ್ತು, ಬರಲಿಲ್ಲ. ಫೋಟೋದಲ್ಲಿ ಅವಳ ಭುಜದ ಮೇಲೆ ಒಂದು ಕೈ ಇತ್ತು. ಮಣಿಕಟ್ಟಿನವರೆಗೆ ಅಷ್ಟೇ. ಅದರಾಚೆ ಯಾರೂ ಇರಲಿಲ್ಲ.

ಕೈನಾತ ತನ್ನ ಭುಜವನ್ನು ಮುಟ್ಟಿ ನೋಡಿಕೊಂಡಳು. ಫ್ಯಾನಿನ ಸದ್ದು ಒಮ್ಮೆಲೇ ಜೋರಾಗಿ ಕೇಳಿಸಿತು. ಬ್ಯಾಗ್ ಎತ್ತಿಕೊಂಡು ಲ್ಯಾಬಿನಿಂದ ಹೊರಗೆ ಓಡಿದಳು.

ಮನೆಗೆ ಬಂದರೆ ಗಲ್ಲಿಯಲ್ಲೂ ಅದೇ ಕತೆ. ಅಂಜುಮಳ ಖೋಲಿಯ ಬೀಗ ತೆಗೆದಿತ್ತು. ಬಾಗಿಲಿಗೆ ಹೊಸ ಪರದೆ, ಹೊಸ್ತಿಲಲ್ಲಿ ಯಾರದೋ ಚಪ್ಪಲಿ. ಒಳಗೆ ಅಪರಿಚಿತರು ಟಿವಿ ನೋಡುತ್ತಿದ್ದರು. ಕೈನಾತಳಿಗೆ ಅಳು ತಡೆಯಲಾಗಲಿಲ್ಲ.

ಮರುದಿನ ಪ್ರಾರ್ಥನೆಗೂ ಮೊದಲೇ ಲ್ಯಾಬಿಗೆ ಹೋದಳು. ಚುಕ್ಕಿ ಇಟ್ಟು ‘ಅಂಜುಮ’ ಎಂದು ಬರೆದ ರೂಲನ್ನು ಪೂರ್ತಿ ಅಳಿಸಿದಳು. ಮೇಕೆ ತನ್ನ ಜಾಗಕ್ಕೆ ಹಿಂದಿರುಗಿತು.

ಶನಿವಾರ ಲ್ಯಾಬು ತುಂಬಿ ತುಳುಕುತ್ತಿತ್ತು. ಅಂಜುಮ ಬಂದಳು, ನೇರ ‘ನಮ್ಮ ಗಲ್ಲಿ’ಯ ಮುಂದೆ ನಿಂತಳು. ಕೈನಾತ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತಿದ್ದಳು.

“ಏ, ಮೌಸ್ ಮುಟ್ಟಬ್ಯಾಡ! ನಿನ್ನ ಭೂತ ಐತಿ ಅಲ್ಲಿ!” ಎಂದ ಫರ್ದೀನ.

ಅಂಜುಮ ಕೇಳಬೇಕಲ್ಲ! ಮೌಸನ್ನು ತನ್ನ ಮುಖದ ಮೇಲೇ ಇಟ್ಟಳು. ಮುಖ ಬೆಳಗಿತು. ಮೌಸನ್ನು ಪಕ್ಕಕ್ಕೆ ಎಳೆದಳು. ಫರ್ದೀನ ಉಸಿರು ಬಿಗಿಹಿಡಿದ. ಮುಖ ತುಸು ಮಸುಕಾಯಿತು, ಆದರೆ ಹೋಗಲಿಲ್ಲ.

“ಎಲ್ಲೈತಿ ಭೂತ?” ಎಂದು ಅಂಜುಮ ನಕ್ಕಳು.

ಕೈನಾತ ನಗಲಿಲ್ಲ. “ಹೇಳದ ಯಾಕ ಹ್ವಾದಿ?”

ಅಂಜುಮಳ ನಗು ನಿಂತಿತು. “ನಮ್ಮ ಅಬ್ಬಾ ನಮಗೂ ರಾತ್ರಿನ ಹೇಳಿದ್ರು. ನಸಕಿನ್ಯಾಗ ಟೆಂಪೋ ಬಂತು. ನಿಮ್ಮನಿಗೆ ಬಂದಿದ್ನಲ್ಲ! ನಿಮ್ಮ ಅಮ್ಮಿ ನಳದ ಲೈನಿನ್ಯಾಗ ಇದ್ರು, ಬಾಗಿಲಾ ತೆರದಿತ್ತು. ನೀ ಮಲಗಿದ್ದಿ. ಹಣಿ ಮುಟ್ಟಿದೆ, ಆದ್ರೂ ಕಣ್ಣ ತೆರೀಲಿಲ್ಲ. ಅಷ್ಟರಾಗ ಡ್ರೈವರ್ ಹಾರ್ನ್ ಹೊಡ್ಯಾಕತ್ತಿದ.”

“ನಿನ್ನ ಕೈ ತಣ್ಣಗ ಇತ್ತು,” ಎಂದಳು ಕೈನಾತ ಮೆಲ್ಲಗೆ.

“ಹೌದು. ಆಗಷ್ಟ ನೀರು ತುಂಬಿ ಬಂದಿದ್ದೆ. ನಿನಗ ಹೆಂಗ ಗೊತ್ತು?”

ಕೈನಾತಳ ಕೈ ತಾನಾಗಿ ಹಣೆಗೆ ಹೋಯಿತು. ಪರದೆಯ ಮೇಲೆ ಅವಳ ಭುಜದ ಮೇಲಿದ್ದ ಕೈ, ಪಕ್ಕದ ಫೋಟೋದ ಅಂಜುಮಳ ತೋಳಿಗೆ ನೆಟ್ಟಗೆ ಹೋಗಿ ಸೇರಿತ್ತು.

ಕೈನಾತ ಕುರ್ಚಿಯಲ್ಲಿ ಅರ್ಧ ಜಾಗ ಬಿಟ್ಟು ಸರಿದು ಕೂತಳು.