ಮೊಳದುದ್ದದ ಸುರುಳಿ

ಮೋಟಾರು ಇದ್ದ ಜಾಗದಲ್ಲಿ ನಾಲ್ಕು ತೂತುಗಳು ಉಳಿದಿದ್ದವು.

ಬಡಿಗೇರ ತುಳಜಾರಾಮ ಕಲ್ಯಾಣಿಯಿಂದ ಬಂದವನು ಹೆಗಲ ಚೀಲ ಇಳಿಸುವ ಮೊದಲೇ ಅದನ್ನು ನೋಡಿದ. ತೇಗದ ಹಲಗೆ ಇದೆ. ಚರ್ಮದ ಪಟ್ಟಾ ಇದೆ. ಗಿರಣಿಯ ಗೋಡೆ ಹಾರಿ ಬಂದ ಕರೆಂಟಿನ ತಂತಿ ಇದೆ. ಮೋಟಾರು ಮಾತ್ರ ಇಲ್ಲ. ಅವನು ಹಾಕಿದ ಕೂಗು ಹುಮನಾಬಾದಿನ ಅರ್ಧ ಊರಿಗೆ ಕೇಳಿತು. ಉಳಿದರ್ಧಕ್ಕೆ ಸುದ್ದಿ ತಾನಾಗಿ ಮುಟ್ಟಿತು.

ಅದು ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಹೊಸ ಮೋಟಾರು ಬೇಕೆಂದರೆ ಮುಂಬೈಯಲ್ಲೂ ಸಿಗುತ್ತಿರಲಿಲ್ಲ. ಹತ್ತಿ ಗಿರಣಿಯ ಮಾಲೀಕ ವೈಜನಾಥ ಶೇಠ ತನ್ನ ಉಗ್ರಾಣದ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಒಂದು ಮೋಟಾರನ್ನು ತುಳಜಾರಾಮನಿಗೆ ಕೊಟ್ಟಿದ್ದ. ಗಿರಣಿಯ ಗೋಡೆಗೆ ಅಂಟಿಕೊಂಡೇ ತುಳಜಾರಾಮನ ಮನೆ. ಗಿರಣಿಯ ಡೈನಮೋದಿಂದ ಒಂದು ತಂತಿ ಎಳೆದರು. ಮೋಟಾರನ್ನು ಹಲಗೆಗೆ ಬಿಗಿದು, ಪಟ್ಟಾ ಹಾಕಿ, ತೊಟ್ಟಿಲ ಕಾಲು ಕಡೆಯುವ ಚರಕಿಗೆ ಜೋಡಿಸಿದರು. ತುಳಜಾರಾಮನ ಹೆಂಡತಿ ಅಂಬುಬಾಯಿ ಅದಕ್ಕೆ ಕುಂಕುಮ ಹಚ್ಚಿ ಆರತಿ ಎತ್ತಿದಳು. ಶುಕ್ರವಾರ ತಾಲೂಕಿನ ಸಾಹೇಬರೇ ಬಂದು ಮನೆಯಲ್ಲಿ ಕರೆಂಟಿನ ಚರಕಿ ಹೇಗೆ ತಿರುಗುತ್ತದೆಂದು ನೋಡುವವರಿದ್ದರು. ಊರಿಡೀ ಡಂಗುರ ಸಾರಿದ್ದವನು ಶೇಠನೇ.

ಈಗ ಬುಧವಾರ. ಮೋಟಾರು ಮಾಯ.

* * *

ಅಮೀನ್ ಸಿರಾಜುದ್ದೀನ್ ಬಂದಾಗ ಶೇಠ ಅಂಗಳದಲ್ಲಿ ಆಗಲೇ ನ್ಯಾಯ ತೀರ್ಮಾನ ಮಾಡಿ ಮುಗಿಸಿದ್ದ. ಸಿರಾಜುದ್ದೀನ್ ಠಾಣೆಯ ಮುಖ್ಯಸ್ಥ. ನಿಧಾನಸ್ಥ, ಚಹಾ ಎಂದರೆ ಪ್ರಾಣ. ಕಳ್ಳರಿಗಿಂತ ಅವಸರದ ಸಾಕ್ಷಿದಾರರ ಮೇಲೆ ಅವನಿಗೆ ಸಿಟ್ಟು ಹೆಚ್ಚು.

"ಸಿದ್ದಪ್ಪನ್ನ ಹಿಡೀರಿ ಅಮೀನ್ ಸಾಬ್," ಎಂದ ಶೇಠ. "ನಮ್ಮ ಗಿರಣಿ ಕಾವಲುಗಾರ. ನಿನ್ನಿ ಮಧ್ಯಾಹ್ನ ಗೇಟ್ ಬಿಟ್ಟು ಗಾಡಿ ಹೊಡಕೊಂಡು ಹೋಗ್ಯಾನ. ಗಾಡ್ಯಾಗ ಏನೋ ವಜ್ಜಿ ಸಾಮಾನಿತ್ತು, ಮ್ಯಾಲ ಗೋಣಿಚೀಲ ಮುಚ್ಚಿತ್ತು."

"ಎಲ್ಲಿಗೆ ಹೋದ?"

"ಕಲ್ಯಾಣಿ ಕಡಿಗೆ. ಕೇಳಿದ್ರ ಬಾಯೇ ಬಿಡವಲ್ಲ."

ಸಿದ್ದಪ್ಪ ಗೋಡೆಗೆ ಒರಗಿ ನಿಂತಿದ್ದ. ಬಣ್ಣಗೆಟ್ಟ ರುಮಾಲು, ತಗ್ಗಿಸಿದ ತಲೆ. ಅಮೀನ್ ಹಲಗೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ತಂತಿಯನ್ನು ಕತ್ತರಿಸಿರಲಿಲ್ಲ, ಬಿಚ್ಚಿದ್ದರು. ನಟ್ಟುಗಳನ್ನು ಸಾಲಾಗಿ ಪಕ್ಕದಲ್ಲಿ ಜೋಡಿಸಿಟ್ಟಿದ್ದರು. ನಟ್ಟು ಬಿಚ್ಚುವ ಪಾನಾ ಗೂಡಿನಲ್ಲೇ ಇತ್ತು. ಇಷ್ಟು ಅಚ್ಚುಕಟ್ಟಿನ ಕಳ್ಳನನ್ನು ಅಮೀನ್ ತನ್ನ ನೌಕರಿಯಲ್ಲಿ ಕಂಡಿರಲಿಲ್ಲ.

ಅಂಗಳದ ನೆಲ ಹೊಸದಾಗಿ ಸಾರಿಸಿದ್ದರಿಂದ ಎಳೆದ ಗುರುತು, ಹೆಜ್ಜೆ ಗುರುತು ಏನೂ ಇರಲಿಲ್ಲ.

"ಸಾರಿಸಿದ್ದು ಯಾವಾಗ ಬಾಯಿ?"

"ನಿನ್ನಿ ಸಂಜಿಕ ರೀ," ಎಂದಳು ಅಂಬುಬಾಯಿ. ಎತ್ತರದ ಹೆಂಗಸು, ತೋಳು ಗಂಡನಿಗಿಂತ ಗಟ್ಟಿ. "ಅಂಗಳ ಸಾರಿಸ್ದೆ. ಕೆಲಸದ ಪಡಸಾಲಿ ಕಡಿಗೆ ತಿರುಗಿ ನೋಡಲಿಲ್ಲ. ಮಧ್ಯಾಹ್ನ ಬಾವಿಗೆ ಹೋಗಿದ್ದೆ, ಆವಾಗ ಒಯ್ದಿರಬೇಕು."

"ಈ ಮೋಟಾರಿನಿಂದ ನಿಮಗ ಏನು ಫಾಯಿದಾ ಇತ್ತು? ಮೊದಲು ಹ್ಯಾಂಗ ಮಾಡ್ತಿದ್ರಿ, ಜರಾ ತೋರಿಸ್ರಿ."

ಅಂಬುಬಾಯಿ ಗೂಟದಲ್ಲಿ ತೂಗುಬಿದ್ದ ಹಳೆಯ ಹಗ್ಗ ತೆಗೆದಳು. ಅದಕ್ಕೆ ಅಂಟಿದ್ದ ಜೋಳದ ಹೊಟ್ಟನ್ನು ಸೆರಗಿನಿಂದ ಒರೆಸಿ, ಚರಕಿಯ ಕಟ್ಟಿಗೆಗೆ ಎರಡು ಸುತ್ತು ಸುತ್ತಿದಳು. ಗಂಡನ ಎದುರಿಗೆ ಕುಳಿತು ಒಮ್ಮೆ ಬಲಗೈ, ಒಮ್ಮೆ ಎಡಗೈ ಎಳೆದಳು. ಕಟ್ಟಿಗೆ ಒಮ್ಮೆ ತುಳಜಾರಾಮನ ಕಡೆಗೆ ತಿರುಗಿತು, ಮರುಕ್ಷಣ ಹಿಂದಕ್ಕೆ ತಿರುಗಿತು. ಅವನು ಮುಂದೆ ಬಂದಾಗ ಉಳಿ ಒತ್ತಿದ, ಹಿಂದೆ ಹೋದಾಗ ಎತ್ತಿದ. ಒತ್ತಿದ, ಎತ್ತಿದ. ಕಟ್ಟಿಗೆಯ ಸಣ್ಣ ಸಣ್ಣ ಚೂರು ಉದುರಿದವು.

"ಲಗ್ನ ಆದಾಗಿಂದ ಎಳ್ಯಾಕತ್ತಾಳ್ರಿ," ಎಂದ ತುಳಜಾರಾಮ. "ಆಕಿ ಕೈಗೆ ಒಂದೀಟು ಆರಾಮ ಸಿಗಲಿ ಅಂತ ಮೋಟಾರ ಬೇಡಿ ತಂದಿದ್ದೆ."

ಅಂಬುಬಾಯಿ ಹಗ್ಗವನ್ನು ಮತ್ತೆ ಗೂಟಕ್ಕೆ ಹಾಕಿದಳು.

ಶೇಠ ಬಿಡುವಂತಿರಲಿಲ್ಲ. "ಶುಕ್ರವಾರದೊಳಗ ಮಾಲು ಸಿಗಲಿಲ್ಲ ಅಂದ್ರ ಇವನ್ನ ಬೀದರಿನ ಜೇಲಿಗೆ ಕಳಿಸ್ರಿ." ಸಿದ್ದಪ್ಪ ಲಾಕಪ್ಪಿಗೆ ಹೋದ.

* * *

ಅಮೀನ್ ಇದ್ದಿಲ ಗ್ಯಾಸಿನ ಬಸ್ಸು ಹತ್ತಿ ಕಲ್ಯಾಣಿಗೆ ಹೋದ. ಈಗ ನಾವು ಬಸವಕಲ್ಯಾಣ ಎನ್ನುವ ಊರೇ ಅದು. ಏರು ಬಂದಲ್ಲೆಲ್ಲ ಇಳಿದು ಬಸ್ಸು ತಳ್ಳುವ ಭಾಗ್ಯ ಅಮೀನನಿಗೂ ಸಿಕ್ಕಿತು. ಸಮವಸ್ತ್ರದ ತುಂಬ ಮಸಿ ಮೆತ್ತಿಕೊಂಡು ಅವನು ಕೋಟೆಯ ಹಿಂದಿನ ಓಣಿ ಹೊಕ್ಕ. ಸಿದ್ದಪ್ಪನ ಮಗಳನ್ನು ಆ ಓಣಿಗೆ ಕೊಟ್ಟಿದ್ದರು.

ಮಗಳು ಗಯಾಬಾಯಿ ಬಾಗಿಲಲ್ಲಿ ಜೋಳ ಬೀಸುತ್ತಿದ್ದಳು. ಬೀಸುಕಲ್ಲು ಹೊಚ್ಚಹೊಸದು. ಉಳಿಯ ಗುರುತು ಇನ್ನೂ ಬೆಳ್ಳಗಿತ್ತು.

"ಇದು ಎಲ್ಲಿಂದ ಬಂತವ್ವ?"

"ನಮ್ಮಪ್ಪ ನಿನ್ನಿ ತಂದ್ರು ಸಾಬ್. ಮುಚ್ಚಿಕೊಂಡು ತಂದ್ರು. 'ನಿಮ್ಮ ಮಾವಗ ಹೇಳಬ್ಯಾಡ, ನಿನ್ನ ಗಂಡನೇ ತಂದಾನ ಅಂತ ತಿಳಕೊಳ್ಳಲಿ' ಅಂದ್ರು. ನಮ್ಮ ಮಾವನ ಇಜ್ಜತ್ ಹೋಗಬಾರದು ಅಂತ."

ಅಮೀನ್ ಕಲ್ಲನ್ನು ಎತ್ತಲು ನೋಡಿದ. ಏಳಲಿಲ್ಲ. ಗಾಡಿಯಲ್ಲಿದ್ದ ಭಾರದ ರಹಸ್ಯ ಅಷ್ಟೇ. ಬೀಗರ ಮಾನ ಕಾಯಲು ಬಾಯಿ ಹೊಲಿದುಕೊಂಡು ಲಾಕಪ್ಪಿನಲ್ಲಿ ಕುಳಿತ ಆ ಮುದುಕನ ಮೇಲೆ ಅಮೀನನಿಗೆ ಪ್ರೀತಿಯೂ ಬಂತು, ಸಿಟ್ಟೂ ಬಂತು.

* * *

ಗುರುವಾರ ಮುಂಜಾನೆ ಠಾಣೆಗೆ ಮರಳಿದಾಗ ಲಾಕಪ್ಪಿನ ಮುಂದೆ ಅಂಬುಬಾಯಿ ಕುಳಿತಿದ್ದಳು. ಸಿದ್ದಪ್ಪನಿಗೆ ಬಿಸಿರೊಟ್ಟಿ, ಪುಂಡಿಪಲ್ಯ ಬಡಿಸುತ್ತಿದ್ದಳು.

"ನಿಮ್ಮ ಮನಿ ಕಳ್ಳಗ ನೀವೇ ರೊಟ್ಟಿ ತರ್ತೀರಿ ಏನ್ ಬಾಯಿ?"

"ಅವ ಕದ್ದಿಲ್ಲರಿ ಸಾಹೇಬ್ರ."

"ನಿಮಗ ಹ್ಯಾಂಗ ಗೊತ್ತು?"

"ಮಾರಿ ನೋಡಿದ್ರ ತಿಳೀತದ್ರಿ." ಅವಳು ಬುಟ್ಟಿ ಎತ್ತಿಕೊಂಡು ಎದ್ದೇಬಿಟ್ಟಳು.

ಅಮೀನ್ ಚಹಾ ತರಿಸಿ ಅದನ್ನು ಆರಲು ಬಿಟ್ಟ. ಅವನಿಗೆ ಅದು ಅಪರೂಪದ ಸಂಗತಿ. ಸಿದ್ದಪ್ಪನ ಬೀಸುಕಲ್ಲಿನ ವಿಷಯ ಅವನು ಇನ್ನೂ ಯಾರಿಗೂ ಹೇಳಿರಲಿಲ್ಲ. ಆದರೂ ಆ ಹೆಂಗಸಿಗೆ ಅಷ್ಟು ಖಾತ್ರಿ ಎಲ್ಲಿಂದ ಬಂತು?

ಅರ್ಧ ತಾಸಿನ ನಂತರ ಅವನು ತುಳಜಾರಾಮನ ಪಡಸಾಲೆಯಲ್ಲಿದ್ದ. ಈ ಸಲ ಮೂಲೆ ಮೂಲೆ ಹುಡುಕಿದ. ಹಲಗೆಗಳ ಹಿಂದೆ ತೊಟ್ಟಿಲ ಕಾಲುಗಳ ಒಂದು ರಾಶಿ ಸಿಕ್ಕಿತು. ಎಲ್ಲವೂ ಕೆಟ್ಟಿದ್ದವು. ನುಣುಪಾಗಿ ಗುಂಡಗಿರಬೇಕಾದ ಮೈಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೆರೆ ಬಿದ್ದಿತ್ತು.

"ಇವು ಯಾರು ಕಡೆದದ್ದು?"

ತುಳಜಾರಾಮನ ಮುಖ ಕಪ್ಪಿಟ್ಟಿತು. "ನಾನೇರಿ. ಮೋಟಾರಿನ ಮ್ಯಾಲ."

"ಊರಾಗ ನಿಮ್ಮ ಕೈ ಅಂದ್ರ ಬಂಗಾರ ಅಂತಾರ. ಇದೇನಿದು?"

"ಮೋಟಾರ ಒಂದೇ ಕಡಿಗೆ ತಿರಗ್ತದ್ರಿ. ಹಿಂದ ಬರಂಗಿಲ್ಲ. ನನ್ನ ಕೈ ಮಾತ್ರ ಎತ್ತತೇ ಇರ್ತದ. ಎತ್ತಬ್ಯಾಡ, ಎತ್ತಬ್ಯಾಡ ಅಂತ ನಾ ಬೈಯಾಕತ್ತೇನಿ, ಅದು ಕೇಳವಲ್ದು. ಎತ್ತಿ ಮತ್ತ ಒತ್ತಿದಲ್ಲೆಲ್ಲ ಮೆಟ್ಟಲಾ ಬೀಳ್ತದ." ಅವನು ತನ್ನ ಕೈಯನ್ನು ಬೇರೆಯವರದೆಂಬಂತೆ ನೋಡಿಕೊಂಡ.

"ಹಂಗಾದ್ರ ಶುಕ್ರವಾರ ಸಾಹೇಬರ ಮುಂದ ನಿಮ್ಮ ಮರ್ಯಾದಿ ಹೋಗ್ತಿತ್ತು. ಮೋಟಾರ ಕಳದಿದ್ದು ನಿಮಗ ಛಲೋನೇ ಆತಲ್ಲ?"

ತುಳಜಾರಾಮ ನೆಟ್ಟಗೆ ನಿಂತ. "ಭವಾನಿ ಆಣೆ ಮಾಡ್ತೀನ್ರಿ. ನನ್ನ ಮರ್ಯಾದಿ ಹೋದ್ರ ಹೋಗಲಿ. ಸಿದ್ದಪ್ಪನ್ನ ಜೇಲಿಗೆ ಹಾಕಿಸಿ ನಾ ರೊಟ್ಟಿ ತಿನ್ನಾಂವಲ್ಲ."

ಅಮೀನ್ ಅವನ ಕಣ್ಣನ್ನೇ ನೋಡಿದ. ಸುಳ್ಳು ಹೇಳುವ ಕಣ್ಣಲ್ಲ ಅದು. ಅಷ್ಟರಲ್ಲಿ ಒಳಗಿನಿಂದ ಒಲೆಯ ಹೊಗೆ ಬಂತು. ಅಂಬುಬಾಯಿ ಚಹಾಕ್ಕೆ ಬೆಂಕಿ ಹೊತ್ತಿಸುತ್ತಿದ್ದಳು. ಒಲೆಯ ಬದಿಯ ಬುಟ್ಟಿಯಲ್ಲಿ ಕಟ್ಟಿಗೆಯ ಹೊಟ್ಟು ತುಂಬಿತ್ತು. ಅವಳು ಒಂದು ಹಿಡಿ ಎತ್ತಿದಾಗ ಅದರೊಳಗಿನಿಂದ ಒಂದು ಸುರುಳಿ ಜಾರಿ ಬಿತ್ತು.

ಅಮೀನ್ ಅದನ್ನು ಎತ್ತಿಕೊಂಡ. ಬಿಡಿಸುತ್ತ ಹೋದ. ಮೊಳದುದ್ದ ಬಂತು. ಎಲ್ಲೂ ಕಡಿದಿರಲಿಲ್ಲ. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ, ಒಂದೇ ಸಮನೆ ಇತ್ತು.

ಅಂಬುಬಾಯಿ ಊದುಗೊಳವೆಯನ್ನು ಕೆಳಗಿಟ್ಟಳು.

* * *

ಆ ಮಧ್ಯಾಹ್ನ ಅಮೀನ್ ಅಂಗಳದಲ್ಲಿ ಎಲ್ಲರನ್ನೂ ಸೇರಿಸಿದ. ಶೇಠ ಬಂದ. ಸಿದ್ದಪ್ಪನನ್ನು ಸಿಪಾಯಿಗಳು ಕರೆತಂದರು. ಗಂಡ ಹೆಂಡತಿ ಚರಕಿಯ ಬಳಿ ನಿಂತರು.

"ಸಿದ್ದಪ್ಪ ಒಯ್ದದ್ದು ಮಗಳಿಗೆ ಬೀಸುಕಲ್ಲು," ಎಂದ ಅಮೀನ್. "ನಾ ಕಣ್ಣಾರೆ ನೋಡೀನಿ. ಆತನ್ನ ಬಿಟ್ಟೀನಿ."

ಸಿದ್ದಪ್ಪ ಗೋಡೆಯ ಬುಡದಲ್ಲಿ ಕುಸಿದು ಕುಳಿತ. ಬೀಗರಿಗೆ ಹೇಳಿದಿರೇನೋ ಎಂಬ ಅಂಜಿಕೆ ಅವನ ಮುಖದಲ್ಲಿತ್ತು. ಅಮೀನ್ ಇಲ್ಲವೆಂದು ತಲೆಯಾಡಿಸಿದ.

"ಈಗ ಇದನ್ನ ನೋಡ್ರಿ." ಅವನು ಸುರುಳಿ ಎತ್ತಿ ಹಿಡಿದ. "ಹಗ್ಗದ ಚರಕಿ ಮ್ಯಾಲ ಇಂಥಾದ್ದು ಬರಂಗಿಲ್ಲ. ಕಟ್ಟಿಗಿ ಹಿಂದಮುಂದ ತಿರಗ್ತದ, ಚೂರಷ್ಟೇ ಬೀಳ್ತಾವ. ಅಂದ್ರ ಇದು ಮೋಟಾರಿನ ಮ್ಯಾಲ ಬಂದದ್ದು. ಆದ್ರ ತುಳಜಾರಾಮನ ಕೈ ಎತ್ತಿ ಎತ್ತಿ ಒತ್ತತದ. ಅವನ ಸುರುಳಿನೂ ಗೇಣುದ್ದ ಆಗೂದ್ರಾಗ ಕಡೀತದ. ಇದು ಎಲ್ಲೂ ಕಡಿದಿಲ್ಲ. ಹಂಗಾದ್ರ ಮೋಟಾರಿನ ಮುಂದ ಇನ್ನೊಂದು ಕೈ ಕುಂತಿತ್ತು. ಎತ್ತೂದು ಗೊತ್ತಿಲ್ಲದ ಕೈ. ಹಗ್ಗ ಎಳಿಯಾಕಿಗೆ ಬಿಡುವು ಎಲ್ಲದ? ಬಲಗೈ ನಿಂತ್ರ ಎಡಗೈ, ಎಡಗೈ ನಿಂತ್ರ ಬಲಗೈ."

ಎಲ್ಲರ ಕಣ್ಣೂ ಅಂಬುಬಾಯಿಯ ಮೇಲೆ ಬಿದ್ದವು.

"ಮೋಟಾರ ಬಂದಾಗಿಂದ ಹಗ್ಗ ಗೂಟದ ಮ್ಯಾಲಿತ್ತು," ಎಂದು ಅಮೀನ್ ಮುಂದುವರಿಸಿದ. "ಅದಕ್ಕ ಜೋಳದ ಹೊಟ್ಟು ಹ್ಯಾಂಗ ಹತ್ತಿತು? ನನ್ನ ಕಣ್ಣ ಮುಂದೇ ಒರಿಸಿದ್ರಿ. ಆವಾಗ ನನಗ ತಿಳೀಲಿಲ್ಲ. ಎರಡು ಮಣದ ಕಬ್ಬಿಣ ಹೊತ್ತುಕೊಂಡು ಹಾದ್ಯಾಗ ಹೋದ್ರ ಯಾರರೆ ನೋಡ್ತಿದ್ರು. ಅದಕ್ಕ ಅದು ಈ ಅಂಗಳ ಬಿಟ್ಟೇ ಹೋಗಿಲ್ಲ."

ಅವನು ಅಂಗಳದ ನಡುವೆ ಹೋಗಿ ಬೂಟಿನಿಂದ ನೆಲ ತಟ್ಟಿದ. ಅಡಿಯಲ್ಲಿ ಜೋಳ ತುಂಬಿಡುವ ಹಗೇವು. ಬಾಯಿಗೆ ಚಪ್ಪಡಿ ಮುಚ್ಚಿ, ಅದರ ಮೇಲೂ ಮೊನ್ನೆ ಸಂಜೆಯ ಸಗಣಿ ಸಾರಿಸಿತ್ತು.

ಸಿಪಾಯಿಗಳು ಚಪ್ಪಡಿ ಸರಿಸಿದರು. ಜೋಳದ ಮೇಲೆ ಗೋಣಿಚೀಲ ಹೊದ್ದು ಮೋಟಾರು ಕುಳಿತಿತ್ತು. ಹಣೆಯ ಕುಂಕುಮವೂ ಅಳಿಸಿರಲಿಲ್ಲ.

"ಗಿರಣಿ ಊಟಕ್ಕ ನಿಂತಾಗ ತಂತಿ ಬಿಚ್ಚಿದೆ," ಎಂದಳು ಅಂಬುಬಾಯಿ. "ಕಂಬಕ್ಕ ಹಗ್ಗ ಸುತ್ತಿ ಸಾವಕಾಶ ಇಳಿಸಿದೆ. ಶುಕ್ರವಾರ ದಾಟಿದ್ರ ತೆಗೀಬೇಕು ಅಂತಿದ್ದೆ. ಸಿದ್ದಪ್ಪಣ್ಣನ್ನ ಹಿಡೀತಾರ ಅಂತ ನನಗ ಹೊಳೀಲೇ ಇಲ್ಲ. ನಿನ್ನಿಯಿಂದ ಒಂದು ತುತ್ತು ಇಳಿದಿಲ್ಲ. ನಾಳಿಗೆ ನಾನೇ ಬಂದು ಹೇಳಾಕಿದ್ದೆ."

"ಆದ್ರ ಯಾಕ?" ಎಂದ ತುಳಜಾರಾಮ.

"ನೀವು ಪ್ರತಿ ಕಾಲೂ ಕೆಡಿಸಿ ಹಲಗಿ ಹಿಂದ ಬಚ್ಚಿಡ್ತಿದ್ರಿ. ನಾ ನೋಡೀನಿ. ಸಾಹೇಬರ ಮುಂದ ಆ ಕೈ ಸೋಲೂದು ನನಗ ನೋಡಾಕ ಆಗ್ತಿದ್ದಿಲ್ಲ."

"ಮತ್ತ ಈ ಸುರುಳಿ?" ಗಂಡ ಮತ್ತೆ ಕೇಳಿದ.

ಅವಳು ತಲೆ ತಗ್ಗಿಸಿದಳು. "ನೀವು ಕಲ್ಯಾಣಿಗೆ ಹ್ವಾದ ಮ್ಯಾಲ ಏನು ಕಷ್ಟ ಅದ ನೋಡೂಣು ಅಂತ ಉಳಿ ಹಿಡದೆ. ಕಷ್ಟ ಆಗಲೇ ಇಲ್ಲರಿ. ಅದಕ್ಕೇ ಅಂಜಿದೆ. ನನಗ ಬರ್ತದ ಅಂತ ಗೊತ್ತಾದ್ರ ನಿಮ್ಮ ಕೈಗೆ ಏನು ಉಳೀತು?"

ಅವಳು ಒಳಗೆ ಹೋಗಿ ಹಿಟ್ಟಿನ ಡಬ್ಬಿಯಿಂದ ಒಂದು ತೊಟ್ಟಿಲ ಕಾಲು ತಂದಳು. ತುಳಜಾರಾಮ ಅದರ ಮೇಲೆ ಹೆಬ್ಬೆರಳು ಆಡಿಸಿದ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. ಮತ್ತೊಮ್ಮೆ ಆಡಿಸಿದ.

"ಮೆಟ್ಟಲಾ ಇಲ್ಲ," ಎಂದ.

ಬಳಿಕ ಅವನ ಮುಖದ ತುಂಬ ನಗು ಹರಡಿತು. ವಯಸ್ಸಾದ ಮುಖದಲ್ಲಿ ಅಂಥ ನಗು ಬಂದರೆ ನೋಡಿದವರಿಗೂ ಹಿತವಾಗುತ್ತದೆ.

"ಕೇಸ್ ಹಾಕ್ರಿ ಅಮೀನ್ ಸಾಬ್!" ಶೇಠನಿಗೆ ಆಗ ಎಚ್ಚರವಾಯಿತು. "ಆಕಿ ಕಳ್ಳಿ!"

"ಮನಿ ಮೋಟಾರು ಮನ್ಯಾಗೇ ಅದ ಶೇಠಜಿ. ಇದು ಕಳವು ಹ್ಯಾಂಗಾತು? ಹಗೇವಿನ್ಯಾಗ ಇಟ್ಟಿದ್ರು ಅಂತ ಬೇಕಾದ್ರ ನಾಳಿಗೆ ಸಾಹೇಬರಿಗೇ ಹೇಳ್ರಿ. ನಿಮ್ಮ ಕಾವಲುಗಾರನ್ನ ಸುಮ್ಮನೆ ಹಿಡಿಸಿದ್ದೂ ಹೇಳೂಣು."

ಶೇಠನಿಗೆ ಗಿರಣಿಯಲ್ಲಿ ಏನೋ ಜರೂರು ಕೆಲಸ ನೆನಪಾಯಿತು. ಅಂಬುಬಾಯಿ ಸಿದ್ದಪ್ಪನ ಕಾಲು ಮುಟ್ಟಲು ಬಾಗಿದಳು. ಅವನು ಹಿಂದೆ ಸರಿದ. "ಬ್ಯಾಡವ್ವ. ಆ ಪುಂಡಿಪಲ್ಯ ಇನ್ನೀಟು ಅದ ಏನು?"

* * *

ಶುಕ್ರವಾರ ತಾಲೂಕಿನ ಸಾಹೇಬರು ಬಂದರು. ಅವರಿಗೆ ಕುರ್ಚಿ, ಶೇಠನಿಗೆ ಸ್ಟೂಲು. ಅಮೀನ್ ಬಾಗಿಲಿಗೆ ಒರಗಿ ಚಹಾ ಕುಡಿಯುತ್ತ ನಿಂತ. ಗಿರಣಿ ಗುಡುಗಿತು. ಮೋಟಾರು ಗುಂಯ್ ಎಂದಿತು.

ತುಳಜಾರಾಮ ತಾನು ಯಾವಾಗಲೂ ಕೂರುತ್ತಿದ್ದ ಮಣೆಯನ್ನು ಒರೆಸಿ ಅಂಬುಬಾಯಿಯನ್ನು ಕೂರಿಸಿದ. ತನ್ನ ತಂದೆಯ ಕಾಲದ ಉಳಿಯನ್ನು ಮಸೆದು ಅವಳ ಕೈಗೆ ಕೊಟ್ಟ. ಯಾವ ಕಟ್ಟಿಗೆ, ಎಲ್ಲಿ ದಪ್ಪ, ಎಲ್ಲಿ ಸಣ್ಣ ಎಂದು ಸೀಮೆಸುಣ್ಣದಲ್ಲಿ ಗೆರೆ ಹಾಕಿದ. ಆಮೇಲೆ ಹೋಗಿ ಅವಳ ಹಳೆಯ ಜಾಗದಲ್ಲಿ, ಎದುರಿಗೆ ಕುಳಿತ.

ಅವಳು ಉಳಿ ಒತ್ತಿದಳು. ಸುರುಳಿ ಹೊರಟಿತು. ಗೇಣಾಯಿತು, ಮೊಳವಾಯಿತು, ಚರಕಿ ದಾಟಿ ಅವನ ಮಡಿಲಿಗೆ ಬಂತು. ಎದುರಿಗೆ ಕುಳಿತು ಸುಮ್ಮನಿರಲು ಬರದ ತುಳಜಾರಾಮ ಅದರ ತುದಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡ.

ಅಂಬುಬಾಯಿ ಕಣ್ಣೆತ್ತದೆ ಹೇಳಿದಳು:

"ಎಳೀಬ್ಯಾಡ್ರಿ. ತಾನೇ ಬರ್ತದ."